ಮೊದಲು ಕಾಗದ, ಆಮೇಲೆ ತಗಡು, ಕೊನೆಗೆ ಎಂಜಿನ್

ಹಳೆಯ ಸ್ಕೂಟರನ್ನು ಕಡಿಮೆ ಬೆಲೆಗೆ ಕೊಂಡು ತಮ್ಮ ಕೈಯಿಂದಲೇ ದುರಸ್ತಿ ಮಾಡಲು ಹೊರಟಿರುವ ಕರ್ನಾಟಕದ ಯುವಕ ಯುವತಿಯರಿಗೆ,



ಮನೆಯ ಹಿಂದಿನ ಶೆಡ್ಡಿನಲ್ಲೋ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಮೂಲೆಯಲ್ಲೋ ವರ್ಷಗಟ್ಟಲೆ ದೂಳು ತಿನ್ನುತ್ತ ನಿಂತಿದ್ದ ಬಜಾಜ್ ಚೇತಕ್, ಬಜಾಜ್ ಸೂಪರ್, ಎಲ್‌ಎಂಎಲ್ ವೆಸ್ಪಾಗಳಂಥ ಸ್ಕೂಟರುಗಳು ಈಗ ಐದು ಸಾವಿರಕ್ಕೋ ಹತ್ತು ಸಾವಿರಕ್ಕೋ ಮಾರಾಟವಾಗುತ್ತಿದ್ದು, ಅವನ್ನು ಕೊಳ್ಳುವವರಲ್ಲಿ ಅನೇಕರು ಆ ಗಾಡಿ ಷೋರೂಮಿನಿಂದ ಹೊರಬಂದಾಗ ಹುಟ್ಟಿಯೇ ಇರಲಿಲ್ಲ. ಅಂಥವರ ಉತ್ಸಾಹವನ್ನು ತಗ್ಗಿಸುವುದು ಈ ಪತ್ರದ ಉದ್ದೇಶವಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿದು ಒಂದು ಯಂತ್ರವನ್ನು ಅರ್ಥಮಾಡಿಕೊಳ್ಳುವ ಆಸೆ ಗೌರವಕ್ಕೆ ಯೋಗ್ಯವಾದದ್ದು. ಆದರೆ ಕೊಳ್ಳುವಾಗ ಹೆಚ್ಚಿನವರು ಅನುಸರಿಸುವ ಕ್ರಮ ತಲೆಕೆಳಗಾಗಿದೆ. ಮೊದಲು ಕಿಕ್ ಹೊಡೆದು ಎಂಜಿನ್ನಿನ ಸದ್ದು ಕೇಳುತ್ತಾರೆ, ಆಮೇಲೆ ಬಣ್ಣ ನೋಡುತ್ತಾರೆ, ತಗಡನ್ನು ಮೇಲುಮೇಲೆ ಸವರುತ್ತಾರೆ, ದುಡ್ಡು ಎಣಿಸುವ ಹೊತ್ತಿಗೆ ಆರ್‌ಸಿ ಬುಕ್ ಎಲ್ಲಿ ಎಂದು ಕೇಳುತ್ತಾರೆ. ಕೆಟ್ಟರೆ ಸರಿಪಡಿಸುವುದು ಎಷ್ಟು ಕಷ್ಟ ಎಂಬ ಲೆಕ್ಕದಲ್ಲಿ ನೋಡಿದರೆ ಕಾಗದಪತ್ರಗಳೇ ಮೊದಲು, ತಗಡು ಎರಡನೆಯದು, ಎಂಜಿನ್ ಎಲ್ಲಕ್ಕಿಂತ ಕೊನೆಯದು.

ಈ ಕ್ರಮ ಏಕೆ ಸರಿ ಎಂಬುದು ಯಂತ್ರದ ಹುಟ್ಟಿನಲ್ಲಿಯೇ ಇದೆ. ಇಟಲಿಯ ಪಿಯಾಜಿಯೊ ಕಂಪನಿಗಾಗಿ ಕೊರಾದಿನೊ ದಸ್ಕಾನಿಯೊ ಎಂಬ ವಿಮಾನ ಎಂಜಿನಿಯರು ರೂಪಿಸಿದ ವೆಸ್ಪಾ ಸ್ಕೂಟರಿನ ಪೇಟೆಂಟ್ 1946ರ ಏಪ್ರಿಲ್ ತಿಂಗಳದು. ಮೋಟಾರ್ ಸೈಕಲ್ಲಿಗೆ ಕೊಳವೆಗಳಿಂದ ಮಾಡಿದ ಚೌಕಟ್ಟು ಇರುತ್ತದೆ, ಅದರ ಮೇಲೆ ಉಳಿದ ಭಾಗಗಳನ್ನು ಕೂರಿಸಲಾಗುತ್ತದೆ. ದಸ್ಕಾನಿಯೊ ಆ ಚೌಕಟ್ಟನ್ನೇ ಕೈಬಿಟ್ಟು, ಒತ್ತಿ ಬಾಗಿಸಿದ ಉಕ್ಕಿನ ತಗಡೇ ಭಾರ ಹೊರುವಂತೆ ಮಾಡಿದರು. ಇಂಥ ರಚನೆಗೆ ಮೊನೊಕಾಕ್ ಎಂದು ಹೆಸರು. ಹೊರಗೆ ಕಾಣುವ ಹೊದಿಕೆಯೇ ಒಳಗಿನ ಎಲುಬೂ ಆಗಿರುವುದು ಅದರ ಲಕ್ಷಣ. ಬಜಾಜ್ ಆಟೋ 1960ರಿಂದ ಪಿಯಾಜಿಯೊದ ಪರವಾನಗಿಯಲ್ಲಿ ವೆಸ್ಪಾ ತಯಾರಿಸಿ, ಆ ಒಪ್ಪಂದ 1971ರಲ್ಲಿ ಮುಗಿದ ಮೇಲೆ 1972ರಲ್ಲಿ ಅದೇ ವಂಶದ ಸ್ಕೂಟರಿಗೆ ರಾಣಾ ಪ್ರತಾಪನ ಕುದುರೆಯ ಹೆಸರಿಟ್ಟು ಚೇತಕ್ ಎಂದು ಮಾರಲಾರಂಭಿಸಿತು. ಕಾನ್ಪುರದ ಎಲ್‌ಎಂಎಲ್ 1980ರ ದಶಕದಲ್ಲಿ ಪಿಯಾಜಿಯೊ ಜತೆಗೂಡಿ ತನ್ನದೇ ವೆಸ್ಪಾ ತಂದಿತು. ಲೈಸೆನ್ಸ್ ಪರ್ಮಿಟ್ಟುಗಳ ಆ ಕಾಲದಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾದು ಪಡೆದ ಸ್ಕೂಟರನ್ನು ಯಾರೂ ಎಸೆಯುತ್ತಿರಲಿಲ್ಲ. ತಂದೆ ಓಡಿಸಿದ್ದನ್ನು ಮಗ ಓಡಿಸಿ, ಆಮೇಲೆ ಅದು ಹಾಲಿನ ಕ್ಯಾನು, ಗ್ಯಾಸ್ ಸಿಲಿಂಡರು, ಮಕ್ಕಳ ಶಾಲೆಯ ಚೀಲಗಳನ್ನು ಹೊರುತ್ತ ಮತ್ತೂ ಹತ್ತು ವರ್ಷ ಬಾಳುತ್ತಿತ್ತು. ಪದೇ ಪದೇ ಬಿಚ್ಚಿ ಜೋಡಿಸುವುದಕ್ಕೆ ಒಗ್ಗಿದ ಎಂಜಿನ್ ಆದ್ದರಿಂದಲೇ ಅದು ಎಷ್ಟು ಕೆಟ್ಟರೂ ಸರಿಹೋಗುತ್ತದೆ, ಆದರೆ ಎಲುಬೇ ತಗಡಾಗಿರುವ ದೇಹ ತುಕ್ಕು ಹಿಡಿದರೆ ಹಾಗೆ ಸರಿಹೋಗುವುದಿಲ್ಲ. ಚೇತಕ್ ತಯಾರಿಕೆ 2009ರ ಹೊತ್ತಿಗೆ ನಿಂತಿತು. 2020ರಿಂದ ಅದೇ ಹೆಸರಿನಲ್ಲಿ ಬರುತ್ತಿರುವುದು ವಿದ್ಯುತ್ ಸ್ಕೂಟರು, ಬಿಡಿಭಾಗಗಳ ಮಟ್ಟಿಗೆ ಹಳೆಯದಕ್ಕೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ.

ಇನ್ನು ಕಾಗದದ ವಿಷಯ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ದ್ವಿಚಕ್ರ ವಾಹನದ ನೋಂದಣಿ 15 ವರ್ಷ ಚಾಲ್ತಿಯಲ್ಲಿದ್ದು, ಅನಂತರ ವಾಹನವನ್ನು ಆರ್‌ಟಿಒ ಕಚೇರಿಯಲ್ಲಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕಾಗುತ್ತದೆ. ಜನರ ಬಾಯಲ್ಲಿ ಇದು ಎಫ್‌ಸಿ ಮಾಡಿಸುವುದು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1000 ರೂಪಾಯಿಗೆ ಏರಿತು, 20 ವರ್ಷ ದಾಟಿದ ಗಾಡಿಗಳಿಗೆ 2025ರಲ್ಲಿ ಅದಕ್ಕಿಂತಲೂ ಹೆಚ್ಚಾಯಿತು. ಇದರ ಜತೆಗೆ ಹಸಿರು ತೆರಿಗೆಯೂ ತಡಮಾಡಿದ ದಂಡವೂ ಸೇರುತ್ತವೆ. 1990ರ ದಶಕದ ಸ್ಕೂಟರೊಂದು ಇಷ್ಟು ವರ್ಷ ನವೀಕರಣವಿಲ್ಲದೆ ನಿಂತಿದ್ದರೆ, ಅದರ ಬೆಲೆ ಎಂದು ಹೇಳಲಾದ ಮೊತ್ತಕ್ಕೆ ಈ ಖರ್ಚನ್ನು ಕೂಡಿಸಿ ನೋಡಿದ ಮೇಲೆಯೇ ಅಗ್ಗವೋ ಅಲ್ಲವೋ ತಿಳಿಯುವುದು.

ಹಣಕ್ಕಿಂತ ತೊಡಕಿನದು ಹೆಸರು. ಶೆಡ್ಡಿನಲ್ಲಿ ಸಿಗುವ ಸ್ಕೂಟರು ಬಹಳ ಸಲ ತೀರಿಕೊಂಡ ಅಜ್ಜನ ಅಥವಾ ತಂದೆಯ ಹೆಸರಿನಲ್ಲಿಯೇ ಇರುತ್ತದೆ, ಮನೆಯವರು ಪ್ರೀತಿಯಿಂದಲೇ ಮಾರಿದರೂ ಕಾನೂನಿನ ದೃಷ್ಟಿಯಲ್ಲಿ ಮಾರುವ ಅಧಿಕಾರ ಅವರಿಗೆ ಬಂದಿರುವುದಿಲ್ಲ. ಮೊದಲು ನಮೂನೆ 31ರ ಮೂಲಕ ವಾರಸುದಾರರ ಹೆಸರಿಗೆ ವಾಹನ ಬರಬೇಕು, ಆಮೇಲೆ ನಮೂನೆ 29 ಮತ್ತು 30ರ ಮೂಲಕ ಕೊಳ್ಳುವವರ ಹೆಸರಿಗೆ. ಇನ್ನೊಂದು ಗಂಟು ಹೈಪೊಥಿಕೇಷನ್, ಅಂದರೆ ಸಾಲ ಕೊಟ್ಟ ಬ್ಯಾಂಕಿಗೆ ವಾಹನ ಅಡವಾಗಿದೆ ಎಂದು ಆರ್‌ಸಿಯಲ್ಲಿ ಬರೆದಿರುವ ಟಿಪ್ಪಣಿ. ಸಾಲ ತೀರಿ ಮೂವತ್ತು ವರ್ಷವಾಗಿದ್ದರೂ ನಮೂನೆ 35 ಕೊಟ್ಟು ತೆಗೆಸದಿದ್ದರೆ ಟಿಪ್ಪಣಿ ಹಾಗೆಯೇ ಉಳಿದಿರುತ್ತದೆ. ಕರ್ನಾಟಕದ ಹಳೆಯ ಆರ್‌ಸಿಗಳಲ್ಲಿ ಈ ಜಾಗದಲ್ಲಿ ಕಾಣುವ ಹೆಸರುಗಳು ಇತಿಹಾಸದ ಪಾಠದಂತಿವೆ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಸೇರಿಹೋಯಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ. ಸಾಲ ತೀರಿದ ಪತ್ರವನ್ನು ಈಗ ಆ ಉತ್ತರಾಧಿಕಾರಿ ಬ್ಯಾಂಕಿನಿಂದ ಪಡೆಯಬೇಕು, ಖಾತೆಯ ಹಳೆಯ ಲೆಡ್ಜರು ಸಿಗುವವರೆಗೆ ಓಡಾಡುವ ತಾಳ್ಮೆಯೂ ಬೇಕು. ಕೈಬರಹದ ಆರ್‌ಸಿ ಬುಕ್ಕಿನ ವಿವರ ಸರ್ಕಾರದ ವಾಹನ್ ಗಣಕ ದಾಖಲೆಗೆ ಏರಿಯೇ ಇರದಿದ್ದರೆ, ಮೊದಲು ಅದನ್ನು ಬ್ಯಾಕ್‌ಲಾಗ್ ಎಂದು ಸೇರಿಸಿದ ಹೊರತು ಮುಂದಿನ ಯಾವ ಕೆಲಸವೂ ನಡೆಯುವುದಿಲ್ಲ.

ಸಹಿ ಮಾಡಿದ ಖಾಲಿ ಫಾರ್ಮುಗಳನ್ನು ಕೈಗಿತ್ತು ‘ಯಾವಾಗ ಬೇಕಾದರೂ ಹೆಸರು ಮಾಡಿಸಿಕೊಳ್ಳಿ’ ಎನ್ನುವ ಪದ್ಧತಿ ಬ್ರೋಕರುಗಳಲ್ಲಿ ಬೇರೂರಿದೆ. ಇದು ಮಾರಿದವರಿಗೂ ಕೊಂಡವರಿಗೂ ಅಪಾಯಕಾರಿ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ನಡುವೆ ವಾಹನ ಎಷ್ಟು ಕೈ ದಾಟಿದೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಆದ್ದರಿಂದ ಕೊಳ್ಳುವ ದಿನವೇ ಮಾಡಬೇಕಾದ ಸಣ್ಣ ಕೆಲಸವೊಂದಿದೆ: ದೇಹದ ತಗಡಿನ ಮೇಲೆ ಪಂಚ್ ಮಾಡಿದ ಚಾಸಿ ನಂಬರಿನ ಮೇಲೂ ಎಂಜಿನ್ ನಂಬರಿನ ಮೇಲೂ ಗ್ರೀಸನ್ನು ಒರೆಸಿ, ತೆಳುವಾದ ಕಾಗದವಿಟ್ಟು ಪೆನ್ಸಿಲ್ಲಿನಿಂದ ಉಜ್ಜಿ ಅಚ್ಚು ತೆಗೆದು, ಆರ್‌ಸಿಯಲ್ಲಿರುವ ಅಂಕೆಗಳ ಜತೆ ಒಂದೊಂದಾಗಿ ತಾಳೆ ನೋಡುವುದು. ಬೇರೊಂದು ಗಾಡಿಯಿಂದ ತಂದು ಕೂರಿಸಿದ ಎಂಜಿನ್ ಇದ್ದರೆ ಆಗಲೇ ಗೊತ್ತಾಗುತ್ತದೆ. ಅಂಕೆ ಕೂಡದ ಸ್ಕೂಟರು ಎಷ್ಟೇ ಚೆನ್ನಾಗಿ ಓಡಲಿ, ಅದನ್ನು ಬಿಟ್ಟು ಬರುವುದೇ ಲೇಸು.

ಎರಡನೆಯದು ತಗಡು, ಪತ್ರ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗವೂ ಇದೇ. ಸ್ಕೂಟರಿನ ಕಾಲಿಡುವ ಹಾಸಿನ ಮೇಲೆ ರಬ್ಬರ್ ಮ್ಯಾಟ್ ಹಾಸಿದ ಗಾಡಿಗಳೇ ಹೆಚ್ಚು. ಮನೆಯವರು ತಗಡು ಸವೆಯದಿರಲೆಂದು ಹಾಕಿಸಿದ್ದು ಅದು. ಮಳೆಗಾಲದಲ್ಲಿ ಆ ಮ್ಯಾಟಿನ ಅಡಿಗೆ ಇಳಿದ ನೀರು ಆರಲು ದಾರಿಯಿಲ್ಲದೆ ತಿಂಗಳುಗಟ್ಟಲೆ ಅಲ್ಲಿಯೇ ಉಳಿದು, ಹಾಸಿನ ಮೇಲೆ ಕೂರಿಸಿದ ಅಲ್ಯೂಮಿನಿಯಂ ಪಟ್ಟಿಗಳ ಉದ್ದಕ್ಕೂ ಇರುವ ರಂಧ್ರಗಳಿಂದ ತುಕ್ಕು ಮೊದಲಾಗುತ್ತದೆ. ಮ್ಯಾಟನ್ನು ಪೂರ್ತಿ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ಹಾಸನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಗಂಟೆಯಂತೆ ನಾದ ಕೊಡುತ್ತದೆ, ಕೊಳೆತದ್ದು ಒದ್ದೆ ಹಲಗೆಯಂತೆ ಮಂಕಾದ ಸದ್ದು ಮಾಡುತ್ತದೆ, ಪುಟ್ಟಿ ತುಂಬಿದ್ದರೆ ಸದ್ದೇ ಇರುವುದಿಲ್ಲ. ಪುಟ್ಟಿ ಎಂದರೆ ತಗ್ಗು ಮತ್ತು ತೂತುಗಳನ್ನು ಮುಚ್ಚಿ ನಯಮಾಡಲು ಬಣ್ಣದ ಅಂಗಡಿಯವರು ಬಳಸುವ ಲೇಪ. ಅನುಮಾನ ಬಂದ ಕಡೆ ಸಣ್ಣದೊಂದು ಅಯಸ್ಕಾಂತ ಹಿಡಿದರೆ ಸಾಕು. ಕೆಳಗೆ ಉಕ್ಕಿದ್ದರೆ ಅಂಟುತ್ತದೆ, ಬರಿಯ ಪುಟ್ಟಿಯಿದ್ದರೆ ಜಾರಿ ಬೀಳುತ್ತದೆ.

ಸ್ಟ್ಯಾಂಡನ್ನು ಬೋಲ್ಟ್ ಮಾಡಿರುವುದು ಇದೇ ಹಾಸಿನ ಅಡಿಗೆ. ಗಾಡಿಯ ಪೂರ್ತಿ ಭಾರ ದಿನವಿಡೀ ಆ ನಾಲ್ಕಾರು ಬೋಲ್ಟುಗಳ ಸುತ್ತಲಿನ ತಗಡಿನ ಮೇಲೆ ಬೀಳುವುದರಿಂದ ಬಿರುಕು ಮೊದಲು ಕಾಣಿಸುವುದು ಅಲ್ಲಿ. ಸ್ಟ್ಯಾಂಡ್ ಹಾಕಿದಾಗ ಸ್ಕೂಟರು ಒಂದು ಕಡೆಗೆ ವಾಲಿ ನಿಲ್ಲುತ್ತಿದ್ದರೆ ಸ್ಟ್ಯಾಂಡಿನ ಕಾಲಿಗೆ ಹಾಕುವ ರಬ್ಬರ್ ಸವೆದಿದೆ ಎಂದು ಮಾರುವವರು ಹೇಳಬಹುದು, ಅದು ನಿಜವೂ ಇರಬಹುದು, ಆದರೂ ಮಲಗಿ ಕೆಳಗಿನಿಂದ ಟಾರ್ಚ್ ಹಾಕಿ ನೋಡದೆ ಒಪ್ಪಬಾರದು. ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿಯ ಗಾಡಿಗಳಲ್ಲಿ ಉಪ್ಪುಗಾಳಿಯ ಮತ್ತು ದೀರ್ಘ ಮಳೆಯ ಹೊಡೆತ ಎದ್ದು ಕಾಣುತ್ತದೆ. ವಿಜಯಪುರ, ರಾಯಚೂರು, ಬಳ್ಳಾರಿಗಳ ಒಣಹವೆಯಲ್ಲಿ ನಿಂತ ಗಾಡಿಗಳ ತಗಡು ಹೆಚ್ಚಾಗಿ ಗಟ್ಟಿಯಾಗಿಯೇ ಉಳಿದಿದ್ದು, ಅಲ್ಲಿ ಹಾಳಾಗುವುದು ರಬ್ಬರ್: ಟೈರಿನ ಗೋಡೆ ಬಿರಿಯುತ್ತದೆ, ಪೆಟ್ರೋಲ್ ಪೈಪು ಒಣಗಿ ಮುರಿಯುತ್ತದೆ. ರಬ್ಬರನ್ನು ಸುಲಭವಾಗಿ ಬದಲಾಯಿಸಬಹುದು, ಎಲುಬನ್ನು ಬದಲಾಯಿಸಲಾಗದು; ಎರಡರಲ್ಲಿ ಒಂದನ್ನು ಆರಿಸಬೇಕಾದವರು ಬಿಸಿಲುಸೀಮೆಯ ಗಾಡಿಯನ್ನು ಆರಿಸಲಿ.

ತಗಡಿನ ಕೆಲಸ ಮಾಡುವವರನ್ನು ನಮ್ಮ ಊರುಗಳಲ್ಲಿ ಟಿಂಕರಿಂಗ್‌ನವರು ಎನ್ನುತ್ತಾರೆ. ಹಾಸನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದು ಅವರ ಕೆಲಸವೇ ಹೊರತು ಮನೆಯಂಗಳದಲ್ಲಿ ಪ್ರಯೋಗ ಮಾಡುವಂಥದ್ದಲ್ಲ. ಒಳ್ಳೆಯ ಟಿಂಕರಿಂಗ್‌ನವರು ಕತ್ತರಿಸುವುದಕ್ಕೆ ಮೊದಲು ಗಾಡಿಯ ಮುಂಭಾಗವೂ ಹಿಂಭಾಗವೂ ಒಂದೇ ನೇರದಲ್ಲಿವೆಯೇ ಎಂದು ದಾರ ಹಿಡಿದು ನೋಡಿ, ಅಡ್ಡಕ್ಕೆ ಆಧಾರ ಕೊಟ್ಟು ಭದ್ರಪಡಿಸಿದ ಮೇಲೆಯೇ ಕೈ ಹಚ್ಚುತ್ತಾರೆ; ಹಾಗೆ ಮಾಡದಿದ್ದರೆ ಬೆಸುಗೆಯ ಬಿಸಿಗೆ ದೇಹ ತಿರುಚಿಕೊಂಡು, ಗಾಡಿ ಓಡುವಾಗ ಜನ್ಮವಿಡೀ ಒಂದು ಕಡೆಗೆ ಎಳೆಯುತ್ತದೆ. ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರವಿಡದೆ ಯಾವ ಬೆಸುಗೆಯೂ ನಡೆಯಕೂಡದು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಕಡಿಮೆ ಅಪಾಯದ್ದು ಎಂಬ ನಂಬಿಕೆ ತಪ್ಪು, ಸಿಡಿಯುವುದು ಟ್ಯಾಂಕಿನಲ್ಲಿ ಗಾಳಿಯೊಡನೆ ಬೆರೆತ ಆವಿಯೇ.

ಅಪಾಯದ ಮಾತು ಬಂದದ್ದರಿಂದ ಚಕ್ರದ ವಿಚಾರವನ್ನು ಇಲ್ಲಿಯೇ ಹೇಳುವುದು ಸೂಕ್ತ, ಏಕೆಂದರೆ ಪಂಕ್ಚರನ್ನು ತಾವೇ ಹಾಕಿಕೊಳ್ಳಲು ಕುಳಿತವರು ಗಾಯಗೊಳ್ಳುವ ಜಾಗ ಇದು. ಈ ವಂಶದ ಸ್ಕೂಟರುಗಳ ರಿಮ್ ಎರಡು ತಟ್ಟೆಗಳನ್ನು ಮುಖಾಮುಖಿ ಇಟ್ಟು ನಟ್ಟುಗಳಿಂದ ಬಿಗಿದು ಮಾಡಿದ್ದು. ನಡುವೆ ಟ್ಯೂಬೂ ಟೈರೂ ಸಿಕ್ಕಿಕೊಂಡಿರುತ್ತವೆ. ಚಕ್ರವನ್ನು ಗಾಡಿಗೆ ಕೂರಿಸುವ ನಟ್ಟುಗಳು ಬೇರೆ, ಎರಡು ತಟ್ಟೆಗಳನ್ನು ಹಿಡಿದಿಡುವ ನಟ್ಟುಗಳು ಬೇರೆ. ಗಾಳಿ ತುಂಬಿರುವಾಗಲೇ ಈ ಎರಡನೆಯ ನಟ್ಟುಗಳನ್ನು ಸಡಿಲಿಸಿದರೆ ಕೊನೆಯ ಎಳೆ ಬಿಡುತ್ತಿದ್ದಂತೆ ತಟ್ಟೆ ಕಲ್ಲೆಸೆದಂತೆ ಹಾರುತ್ತದೆ. ವಾಲ್ವಿನ ಒಳಗಿನ ಪಿನ್ನನ್ನು ತೆಗೆದು, ಗಾಳಿ ಪೂರ್ತಿ ಹೋಗಿ ಟೈರು ಮೆತ್ತಗಾದದ್ದನ್ನು ಕೈಯಿಂದ ಒತ್ತಿ ನೋಡಿದ ಮೇಲೆಯೇ ಅವನ್ನು ಮುಟ್ಟಬೇಕು. ಟೈರಿನ ವಯಸ್ಸನ್ನು ಅದರ ಗೋಡೆಯ ಮೇಲೆ ಅಚ್ಚೊತ್ತಿದ ನಾಲ್ಕು ಅಂಕೆಗಳಲ್ಲಿ ಓದಬಹುದು. 2319 ಎಂದಿದ್ದರೆ 2019ನೆಯ ವರ್ಷದ 23ನೆಯ ವಾರ ತಯಾರಾದದ್ದು ಎಂದರ್ಥ. ಹೂವು, ಎಂದರೆ ಟೈರಿನ ಮೇಲ್ಮೈಯ ಅಚ್ಚು, ಎಷ್ಟೇ ಉಳಿದಿರಲಿ, ಹತ್ತು ವರ್ಷ ದಾಟಿದ ಟೈರಿನಲ್ಲಿ, ಸ್ಟೆಪ್ನಿಯಲ್ಲಿರುವುದಾದರೂ ಸರಿ, ಓಡಿಸಬಾರದು. ಬ್ರೇಕಿನ ಡ್ರಮ್ ತೆರೆದಾಗ ಒಳಗಿನ ಕಪ್ಪು ಪುಡಿಯನ್ನು ಬಾಯಿಂದ ಊದುವ ಅಭ್ಯಾಸ ಗ್ಯಾರೇಜುಗಳಲ್ಲಿ ಇಂದಿಗೂ ಇದೆ. ಹಳೆಯ ಬ್ರೇಕ್ ಶೂಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಬಳಸುತ್ತಿದ್ದುದರಿಂದ, ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಬಿಸಾಡುವುದೇ ಸರಿಯಾದ ಕ್ರಮ.

ಇಷ್ಟಾದ ಮೇಲೆ ಎಂಜಿನ್. ಚೇತಕ್ಕಿನದು 57 ಮಿಲಿಮೀಟರ್ ಅಗಲದ ಸಿಲಿಂಡರಿನಲ್ಲಿ ಪಿಸ್ಟನ್ ಅಷ್ಟೇ ದೂರ ಮೇಲೆ ಕೆಳಗೆ ಓಡುವ, 145 ಸಿಸಿ ಗಾತ್ರದ ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್ ಒಮ್ಮೆ ಮೇಲೆ ಒಮ್ಮೆ ಕೆಳಗೆ ಹೋಗುವಷ್ಟರಲ್ಲಿ ಉಸಿರೆಳೆದು, ಉರಿಸಿ, ಹೊರಬಿಡುವ ಕೆಲಸ ಮುಗಿಯುವುದರಿಂದ ಆ ಹೆಸರು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿರುವ ವಾಲ್ವುಗಳು ಇಲ್ಲಿಲ್ಲ; ಪಿಸ್ಟನ್ನಿನ ಕೆಳಗಿನ ಕೋಣೆಯೇ, ಎಂದರೆ ಕ್ರ್ಯಾಂಕ್ ಕೇಸೇ, ಪೆಟ್ರೋಲು ಬೆರೆತ ಗಾಳಿಯನ್ನು ಒಳಗೆಳೆದು ಮೇಲಕ್ಕೆ ತಳ್ಳುವ ಪಂಪು. ಆ ಕೋಣೆಗೆ ಬೇರೆ ಎಣ್ಣೆ ಹಾಕಲಾಗದ್ದರಿಂದ ಪೆಟ್ರೋಲಿಗೇ 2ಟಿ ಆಯಿಲ್ ಬೆರೆಸುತ್ತಾರೆ, ಲೀಟರಿಗೆ ಸುಮಾರು 20 ಮಿಲಿಯಂತೆ.

ವರ್ಷಗಟ್ಟಲೆ ನಿಂತ ಸ್ಕೂಟರು ಕಿಕ್ಕಿಗೆ ಏಳದಿದ್ದರೆ ಹೆಚ್ಚಿನ ಸಂದರ್ಭಗಳಲ್ಲಿ ಎಂಜಿನ್ ಸತ್ತಿರುವುದಿಲ್ಲ, ಕಾರ್ಬೊರೇಟರ್ ಕಟ್ಟಿಕೊಂಡಿರುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲಿನ ಹಗುರ ಅಂಶಗಳು ಆರಿಹೋಗಿ ಉಳಿದದ್ದು ಮೆರುಗೆಣ್ಣೆಯಂಥ ಅಂಟಾಗಿ ಜೆಟ್ಟುಗಳಲ್ಲಿ ಕೂರುತ್ತದೆ. ಜೆಟ್ ಎಂದರೆ ಬೆರಳ ತುದಿಗಿಂತ ಚಿಕ್ಕದಾದ ಹಿತ್ತಾಳೆಯ ತಿರುಪು. ಅದರ ನಡುವೆ ಅತಿ ಸಣ್ಣ ರಂಧ್ರ, ಅದರ ಅಳತೆಯ ಮೇಲೆಯೇ ಎಷ್ಟು ಪೆಟ್ರೋಲು ಹೋಗಬೇಕೆಂಬುದರ ತೀರ್ಮಾನ. ಬೆಳಕಿಗೆ ಹಿಡಿದರೆ ತೆರೆದ ಜೆಟ್ಟಿನಲ್ಲಿ ಸೂಜಿಯ ಮೊನೆಯಷ್ಟು ಬೆಳಕು ಕಾಣಬೇಕು, ಕಟ್ಟಿದ್ದರಲ್ಲಿ ಕಂದುಬಣ್ಣದ ಮಬ್ಬು ಕಾಣುತ್ತದೆ. ಈ ಹಂತದಲ್ಲಿ ಹೊಸಬರ ಕೈ ತಾನಾಗಿ ಹೊಲಿಗೆಯ ಸೂಜಿಯ ಕಡೆಗೆ ಹೋಗುತ್ತದೆ. ಉಕ್ಕಿನ ಸೂಜಿ ಮೆದುವಾದ ಹಿತ್ತಾಳೆಯನ್ನು ಹೆರೆದು ರಂಧ್ರವನ್ನು ಅಗಲ ಮಾಡುವುದರಿಂದ, ಕಟ್ಟಿದ್ದು ಬಿಟ್ಟರೂ ಅಳತೆ ಕೆಟ್ಟು, ಅಂದಿನಿಂದ ಗಾಡಿ ಹೆಚ್ಚು ಪೆಟ್ರೋಲು ಕುಡಿಯುತ್ತದೆ, ಪ್ಲಗ್ ಪದೇ ಪದೇ ಕಪ್ಪಾಗುತ್ತದೆ. ವಿದ್ಯುತ್ ವೈರಿನೊಳಗಿನ ತಾಮ್ರದ ಒಂದೇ ಎಳೆಯನ್ನು ತೆಗೆದು, ರಾತ್ರಿಯಿಡೀ ಪೆಟ್ರೋಲಿನಲ್ಲಿ ನೆನೆದ ಜೆಟ್ಟಿನೊಳಗೆ ಮೆಲ್ಲನೆ ಆಡಿಸಿ, ಸೈಕಲ್ ಪಂಪಿನಿಂದ ಗಾಳಿ ಹೊಡೆಯುವುದು ಹಳೆಯ ಮೆಕ್ಯಾನಿಕ್ಕುಗಳ ವಿಧಾನ, ಅದಕ್ಕಿಂತ ಉತ್ತಮವಾದದ್ದು ಮನೆಯಲ್ಲಿ ಸಾಧ್ಯವಿಲ್ಲ.

ಚೇತಕ್ ಎಂದೊಡನೆ ಎಲ್ಲರ ನೆನಪಿಗೂ ಬರುವುದು ಗಾಡಿಯನ್ನು ಒಂದು ಕಡೆಗೆ ಓರೆ ಮಾಡಿ ನಿಲ್ಲಿಸಿ ಆಮೇಲೆ ಕಿಕ್ ಹೊಡೆಯುವ ದೃಶ್ಯ. ಓರೆ ಮಾಡಿದಾಗ ಕಾರ್ಬೊರೇಟರಿನ ಫ್ಲೋಟ್ ಕೋಣೆಯಿಂದ ಪೆಟ್ರೋಲು ಹೆಚ್ಚಾಗಿ ಹರಿದು ಮಿಶ್ರಣ ಗಟ್ಟಿಯಾಗುತ್ತದೆ, ತಣ್ಣಗಿನ ಎಂಜಿನ್ ಹಿಡಿದುಕೊಳ್ಳುತ್ತದೆ. ಇದೇ ಕೆಲಸಕ್ಕೆಂದು ಚೋಕ್ ಇದೆ. ಓರೆ ಮಾಡದೆ ಎಂದೂ ಏಳದ ಗಾಡಿಯಲ್ಲಿ ಚೋಕ್ ಕೇಬಲ್ ತುಂಡಾಗಿರಬೇಕು, ಇಲ್ಲವೇ ಜೆಟ್ ಅರ್ಧ ಕಟ್ಟಿರಬೇಕು, ಇಲ್ಲವೇ ಎಲ್ಲಿಂದಲೋ ಗಾಳಿ ಒಳಸೋರುತ್ತಿರಬೇಕು. ಮೂರನೆಯದು ಹುಡುಕಲು ಕಷ್ಟವಾದದ್ದು. ಕ್ರ್ಯಾಂಕಿನ ಎರಡು ತುದಿಗಳಲ್ಲಿ ಗಾಳಿ ಸೋರದಂತೆ ಆಯಿಲ್ ಸೀಲ್ ಎಂಬ ರಬ್ಬರ್ ಬಳೆಗಳಿದ್ದು, ಮ್ಯಾಗ್ನೆಟ್ ಕಡೆಯ ಸೀಲ್ ಒಣಗಿದರೆ ಹೊರಗಿನ ಗಾಳಿ ನುಗ್ಗಿ ಎಂಜಿನ್ ಆಕ್ಸಿಲರೇಟರ್ ಬಿಟ್ಟ ಮೇಲೂ ಜೋರಾಗಿಯೇ ಓಡುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಬಾಕ್ಸಿನ ಎಣ್ಣೆ ಒಳಗೆ ಎಳೆಯಲ್ಪಟ್ಟು ಉರಿದು, ಬಿಳಿಹೊಗೆ ನಿಲ್ಲದೆ ಬರುತ್ತದೆ, ಗೇರ್ ಎಣ್ಣೆ ಹೊರಗೆಲ್ಲೂ ತೊಟ್ಟಿಕ್ಕದೆ ಕಡಿಮೆಯಾಗುತ್ತ ಹೋಗುತ್ತದೆ. ಈ ಹೊಗೆಯನ್ನು ಕಂಡು ಪಿಸ್ಟನ್ ರಿಂಗ್ ಹೋಗಿದೆ ಎಂದು ತಿಳಿದು ಬೋರ್ ಹಾಕಿಸಿದವರು, ಎಂದರೆ ಸಿಲಿಂಡರನ್ನು ಲೇತಿನವರಲ್ಲಿ ಕೊರೆಸಿ ದೊಡ್ಡ ಅಳತೆಯ ಪಿಸ್ಟನ್ ಕೂರಿಸಿದವರು, ಸಾವಿರಾರು ರೂಪಾಯಿ ಕಳೆದುಕೊಂಡ ಮೇಲೂ ಅದೇ ಹೊಗೆಯನ್ನು ನೋಡಬೇಕಾಗುತ್ತದೆ. ಮೊದಲು ಗೇರ್ ಎಣ್ಣೆಯ ಮಟ್ಟ ನೋಡುವುದಕ್ಕೆ ಒಂದು ಸ್ಕ್ರೂ ಬಿಚ್ಚುವಷ್ಟೇ ಶ್ರಮ.

ಪ್ಲಗ್ಗಿನ ತುದಿ ಎಂಜಿನ್ನಿನ ನಾಲಿಗೆಯಿದ್ದಂತೆ. ಹತ್ತು ಕಿಲೋಮೀಟರ್ ಓಡಿಸಿ ಬಿಚ್ಚಿದಾಗ ಅದು ಬಿಸ್ಕತ್ತಿನಂಥ ಕಂದುಬಣ್ಣಕ್ಕಿದ್ದರೆ ಎಲ್ಲವೂ ಸರಿ. ಕಪ್ಪಗೆ ಜಿಡ್ಡಾಗಿದ್ದರೆ ಪೆಟ್ರೋಲು ಅಥವಾ ಎಣ್ಣೆ ಹೆಚ್ಚು, ಬೂದಿಯಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚು. ಬೆಳ್ಳಗಿನ ಪ್ಲಗ್ ಕಂಡವರು ಮುಂದೆ ಓಡಿಸದೆ ಕಾರಣ ಹುಡುಕಬೇಕು, ಏಕೆಂದರೆ ಅತಿಯಾಗಿ ಕಾದ ಪಿಸ್ಟನ್ ಸಿಲಿಂಡರಿಗೆ ಹಿಡಿದುಕೊಂಡು ಓಡುವ ಗಾಡಿಯ ಹಿಂಚಕ್ರ ಥಟ್ಟನೆ ನಿಲ್ಲಬಹುದು. ಹಳೆಯ ಮಾದರಿಗಳಲ್ಲಿ ಕಿಡಿ ಹುಟ್ಟಿಸುವುದು ಮ್ಯಾಗ್ನೆಟ್ಟಿನ ಒಳಗೆ ತೆರೆದು ಮುಚ್ಚುವ ‘ಪಾಯಿಂಟ್’. ಅದರ ಅಂತರ ಸುಮಾರು 0.4 ಮಿಲಿಮೀಟರ್ ಇರಬೇಕಾದದ್ದು, ಸವೆದು ಕೆಟ್ಟರೆ ಬೆಳಗ್ಗೆ ಏಳುವ ಗಾಡಿ ಬಿಸಿಯಾದ ಮೇಲೆ ಏಳುವುದಿಲ್ಲ. ಮ್ಯಾಗ್ನೆಟ್ ಕಳಚಲು ಪುಲ್ಲರ್ ಎಂಬ ಸಾಧನವೇ ಬೇಕು. ಸುತ್ತಿಗೆಯಿಂದ ಬಡಿದು ತೆಗೆದವರು ಕ್ರ್ಯಾಂಕನ್ನೇ ವಕ್ರ ಮಾಡಿದ ಉದಾಹರಣೆಗಳು ಪ್ರತಿ ಊರಿನ ಗ್ಯಾರೇಜಿನಲ್ಲೂ ಸಿಗುತ್ತವೆ.

ಇತ್ತೀಚಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥೆನಾಲ್ ಬೆರೆತಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಎಥೆನಾಲ್ ಹಳೆಯ ಬಗೆಯ ರಬ್ಬರನ್ನು ಉಬ್ಬಿಸಿ ಮೆತ್ತಗೆ ಮಾಡುವುದಲ್ಲದೆ ಗಾಳಿಯ ತೇವವನ್ನೂ ಹೀರಿಕೊಳ್ಳುತ್ತದೆ, ಆ ನೀರು ಟ್ಯಾಂಕಿನ ತಳಕ್ಕಿಳಿದು ತುಕ್ಕು ತರುತ್ತದೆ. ಪೆಟ್ರೋಲ್ ಪೈಪು, ಟ್ಯಾಂಕಿನ ಕಾಕ್ ಒಳಗಿನ ವಾಷರು, ಕಾರ್ಬೊರೇಟರಿನ ರಬ್ಬರುಗಳನ್ನು ಎಥೆನಾಲ್ ತಾಳುವಂಥವಕ್ಕೆ ಬದಲಾಯಿಸಿ, ವಾರಗಟ್ಟಲೆ ಓಡಿಸುವುದಿಲ್ಲವೆಂದಾದರೆ ಕಾಕ್ ಮುಚ್ಚಿ ಕಾರ್ಬೊರೇಟರಿನ ಪೆಟ್ರೋಲು ಮುಗಿಯುವವರೆಗೆ ಎಂಜಿನ್ ಚಾಲೂ ಇಟ್ಟು ನಿಲ್ಲಿಸಬೇಕು.

ಇದನ್ನೆಲ್ಲ ಕಲಿಸಬಲ್ಲವರ ಸಂಖ್ಯೆ ಕಡಿಮೆಯಾಗುತ್ತಿದೆ ಎಂಬುದು ಈ ಪತ್ರ ಬರೆಯಲು ಮುಖ್ಯ ಪ್ರೇರಣೆ. ಸದ್ದು ಕೇಳಿಯೇ ರೋಗ ಹೇಳುತ್ತಿದ್ದ ಸ್ಕೂಟರ್ ಮೆಕ್ಯಾನಿಕ್ಕುಗಳು ಹತ್ತು ಹನ್ನೆರಡರ ವಯಸ್ಸಿನಲ್ಲಿ ಗ್ಯಾರೇಜು ಸೇರಿ, ಬೈಗುಳ ತಿಂದು, ಸ್ಪ್ಯಾನರ್ ಎತ್ತಿಕೊಡುತ್ತ ಕಲಿತವರು; ಅವರ ವಿದ್ಯೆ ಪುಸ್ತಕದಲ್ಲಿಲ್ಲ, ಬೆರಳಲ್ಲಿದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಆ ಮೋಟಾರ್ ಸೈಕಲ್ಲುಗಳು ಇಂದಿಗೂ ಓಡುತ್ತಿರುವುದು ಇಂಥ ಬೆರಳುಗಳಿಂದಲೇ. ಹಾಗಿರುವಾಗ ಬಿಚ್ಚಿ ಹರಡಿದ ಎಂಜಿನ್ನನ್ನು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ತಂದು ಅವರ ಮುಂದೆ ಸುರಿದು ‘ಜೋಡಿಸಿ ಕೊಡಿ’ ಎನ್ನುವುದು ಅವರಿಗೆ ಮಾಡುವ ಅನ್ಯಾಯ. ತಾನು ಬಿಚ್ಚದ ಎಂಜಿನ್ನಿನಲ್ಲಿ ಯಾವ ವಾಷರ್ ಎಲ್ಲಿತ್ತೆಂದು ಯಾವ ಪರಿಣತನೂ ಹೇಳಲಾರ. ಒಂದೊಂದು ಭಾಗ ಬಿಚ್ಚುವ ಮೊದಲು ಫೋನಿನಲ್ಲಿ ಫೋಟೊ ತೆಗೆದು, ನಟ್ಟು ಬೋಲ್ಟುಗಳನ್ನು ಬಿಚ್ಚಿದ ಕ್ರಮದಲ್ಲಿಯೇ ತಟ್ಟೆಯಲ್ಲಿ ಸಾಲಾಗಿಟ್ಟು, ತಿಳಿಯದ ಜಾಗಕ್ಕೆ ಬಂದಾಗ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆದು, ಅವರು ಕೆಲಸ ಮಾಡುವುದನ್ನು ಪಕ್ಕದಲ್ಲಿ ಕುಳಿತು ನೋಡಲು ಅನುಮತಿ ಕೇಳುವುದು ಒಳ್ಳೆಯದು. ಹೀಗೆ ನೋಡಿ ಕಲಿತದ್ದಕ್ಕೆ ಕೂಲಿಯ ಮೇಲೆ ಪ್ರತ್ಯೇಕ ಹಣ ಕೊಡುವುದು ನ್ಯಾಯ. ಕಾಲೇಜಿನ ಫೀಸು ಕೊಡುವ ಮನೆಗಳು ಇದನ್ನು ಹೆಚ್ಚೆಂದು ಭಾವಿಸಬಾರದು. ಬಿಡಿಭಾಗಗಳನ್ನು ಆರಿಸುವಾಗಲೂ ಅವರ ಮಾತೇ ದಾರಿ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹೊಳೆಯುವ ಹೊಸ ನಕಲಿ ಕ್ಲಚ್ ಪ್ಲೇಟಿಗಿಂತ ಶಿವಾಜಿನಗರದ ಗುಜರಿಯಲ್ಲಿ ಸಿಕ್ಕ ಹಳೆಯ ಅಸಲಿ ಭಾಗ ಎಷ್ಟೋ ಸಲ ಹೆಚ್ಚು ಬಾಳುತ್ತದೆ, ಎರಡನ್ನೂ ಕೈಯಲ್ಲಿ ಹಿಡಿದು ತೂಗಿ ನೋಡಿದವರಿಗೆ ವ್ಯತ್ಯಾಸ ತಿಳಿಯುತ್ತದೆ.

ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಸ ಮಿಶ್ರಣ ಒಳಬರುವ ದಾರಿಯೂ ಹೊಗೆ ಹೊರಹೋಗುವ ದಾರಿಯೂ ಒಂದಿಷ್ಟು ಹೊತ್ತು ಒಟ್ಟಿಗೆ ತೆರೆದಿರುವುದರಿಂದ, ಉರಿಯದ ಪೆಟ್ರೋಲಿನ ಒಂದು ಪಾಲು ನೇರವಾಗಿ ಸೈಲೆನ್ಸರಿಗೆ ಸೇರುತ್ತದೆ. ದುರಸ್ತಿ ಎಷ್ಟೇ ಚೆನ್ನಾಗಿದ್ದರೂ ಈ ಸ್ವಭಾವ ಬದಲಾಗುವುದಿಲ್ಲ. ಆದ್ದರಿಂದ ಇಂಥ ಸ್ಕೂಟರನ್ನು ನಗರದ ದಟ್ಟಣೆಯಲ್ಲಿ ದಿನನಿತ್ಯದ ಗಾಡಿಯಾಗಿ ಬಳಸುವುದು ಸಿಗ್ನಲ್ಲಿನಲ್ಲಿ ಹಿಂದೆ ನಿಂತವರ ಉಸಿರಿಗೆ ಮಾಡುವ ಹಾನಿ. ಭಾನುವಾರದ ಓಟಕ್ಕೂ ಕಲಿಕೆಗೂ ಅದನ್ನು ಇಟ್ಟುಕೊಳ್ಳುವುದೇ ಯೋಗ್ಯ. ಎಂಜಿನ್ ಹಾಳಾಗದಿರಲೆಂದು ಕಣ್ಣಂದಾಜಿನಲ್ಲಿ ಎಣ್ಣೆ ಸುರಿಯುವವರು ಎಂಜಿನ್ನಿಗೂ ಉಪಕಾರ ಮಾಡುತ್ತಿಲ್ಲ: ಹೆಚ್ಚಿನ ಎಣ್ಣೆ ಸೈಲೆನ್ಸರಿನಲ್ಲಿ ಮಸಿಯಾಗಿ ಕಟ್ಟಿ, ಗಾಡಿ ಏರಿನಲ್ಲಿ ಉಸಿರುಗಟ್ಟಿದಂತೆ ಎಳೆಯುತ್ತದೆ. ಹಾಸೇ ಕರಗಿಹೋದ, ಕಾಗದ ಸರಿಹೋಗದ ಗಾಡಿ ಕೈಗೆ ಬಂದಿದ್ದರೆ, ಅದರ ನೋಂದಣಿಯನ್ನು ಆರ್‌ಟಿಒದಲ್ಲಿ ರದ್ದುಪಡಿಸಿ, ಎಂಜಿನ್ನನ್ನು ಕಲಿಯುವುದಕ್ಕೆ ಇಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಕೊಡಲು ಹಿಂಜರಿಯಬಾರದು.

ದುರಸ್ತಿ ಮುಗಿದು ಗಾಡಿ ರಸ್ತೆಗಿಳಿದ ಮೇಲೆ, ಇನ್ಶೂರೆನ್ಸು, ಎಮಿಷನ್ ಪತ್ರ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟು ಇವೆಲ್ಲ ಕೂಡಿಬಂದಿವೆ ಎಂದಿಟ್ಟುಕೊಂಡು, ಮೊದಲ 500 ಕಿಲೋಮೀಟರನ್ನು ನಿಧಾನವಾಗಿ ಓಡಿಸಬೇಕು. ಆಮೇಲೆ ಎಂಜಿನ್ ಪೂರ್ತಿ ತಣ್ಣಗಾದಾಗ ಸಿಲಿಂಡರ್ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಗೇರ್ ಬಾಕ್ಸಿನ ಎಣ್ಣೆಯನ್ನು ಬಿಳಿಯ ಬಟ್ಟಲಿಗೆ ಇಳಿಸಿ ನೋಡಬೇಕು. ಸುಮಾರು ಕಾಲು ಲೀಟರ್ ಹಾಕಿದ್ದು ಅಷ್ಟೇ ಹೊರಬಂದಿದೆಯೇ, ಅದಕ್ಕೆ ಪೆಟ್ರೋಲಿನ ವಾಸನೆಯಿದೆಯೇ, ಅದರಲ್ಲಿ ಹಿತ್ತಾಳೆಯ ಮಿನುಗು ಕಾಣುತ್ತಿದೆಯೇ ಎಂಬುದನ್ನು ದಿನಾಂಕ ಮತ್ತು ಕಿಲೋಮೀಟರ್ ಸಹಿತ ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಯಾವ ಜೆಟ್ ಹಾಕಿದೆ, ಯಾವ ಸೀಲನ್ನು ಎಂದು ಬದಲಾಯಿಸಿದೆ, ಪಾಯಿಂಟ್ ಅಂತರವನ್ನು ಯಾರು ಸರಿಪಡಿಸಿದರು ಎಂಬುದೆಲ್ಲ ಅದೇ ಪುಸ್ತಕಕ್ಕೆ ಸೇರಲಿ. ಮುಂದೊಂದು ದಿನ ಈ ಸ್ಕೂಟರನ್ನು ಮತ್ತೊಬ್ಬರಿಗೆ ಮಾರುವಾಗ, ತುಂಬಿ ಸಹಿ ಮಾಡಿದ 29 ಮತ್ತು 30ರ ನಮೂನೆಗಳ ಜತೆಗೆ ಆ ಎಣ್ಣೆಕಲೆಯ ನೋಟ್‌ಬುಕ್ಕನ್ನೂ ಡಿಕ್ಕಿಯಲ್ಲಿಟ್ಟು ಕೊಡಬೇಕೆಂದು ಕೋರಿಕೆ.


ಹಳೆಯ ಸ್ಕೂಟರುಗಳ ಹಿತೈಷಿ